ಕಾಫಿ ತೋಟದಲ್ಲಿ ಹಕ್ಕಲು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಹೇಳುವುದೆಲ್ಲ ಒಂದು ಸಂಜೆ ನಾನು ಸಿಟ್ಟಿನಲ್ಲಿ ಆಡಿದ ಒಂದು ಮಾತಿನಿಂದ ಆದದ್ದು.

ನಾನು ಇಂಡಿ ತಾಲೂಕಿನ ಸಾಲೋಟಗಿ ಕಡೆಯವಳು. ನಿಂಬೆ ತೋಟಗಳ ನಡುವೆ ಬೆಳೆದು, ತೊಂಬತ್ತರ ದಶಕದಲ್ಲಿ ಬಸವನ ಬಾಗೇವಾಡಿ ತಾಲೂಕಿನ ಒಂದು ಹಳ್ಳಿಗೆ ಸೊಸೆಯಾಗಿ ಬಂದೆ. ನಿಡಗುಂದಿಯಿಂದ ನಡೆದೇ ಹೋಗಬಹುದಾದ ಊರು. ಅತ್ತೆ ಅಲ್ಲಿ ಹತ್ತಿ ಬಿಡಿಸುವ ಇಪ್ಪತ್ತು ಹೆಂಗಸರ ತಂಡದ ಮುಂದಾಳು. ಹೊಲದವರು ಆಕೆಯೊಬ್ಬಳೊಂದಿಗೆ ಮಾತಾಡಿದರೆ ಇಪ್ಪತ್ತೂ ಜನರೊಂದಿಗೆ ಮಾತಾಡಿದಂತೆ. ಆಕೆ ‘ಬರ್ತೇವಿ’ ಅಂದರೆ ಬಂದಂತೆ, ‘ಇಲ್ಲ’ ಅಂದರೆ ಇಲ್ಲ. ಓದು ಬರಹ ಕಲಿಯದ ಆಕೆಯ ಬಳಿ ಇದ್ದ ದೊಡ್ಡ ಆಸ್ತಿ ಎಂದರೆ ಆ ಮಾತು. ನನ್ನ ನಾಲಿಗೆಯನ್ನು ಮಾತ್ರ ಆಕೆ ಮೊದಲ ವಾರದಲ್ಲೇ ಗುರುತಿಸಿದ್ದಳು. "ನಿಂಬಿ ಗಿಡದ ಮುಳ್ಳು ತಂದು ಮನ್ಯಾಗ ನೆಟ್ಟಂಗ ಆತು" ಎಂದು ಓಣಿಯವರ ಮುಂದೆ ನಗುತ್ತಿದ್ದಳು. ನಾನೂ ನಗುತ್ತಿದ್ದೆ, ಸುಳ್ಳಲ್ಲವಲ್ಲ.

ಹತ್ತಿ ಬಿಡಿಸುವುದೆಂದರೆ ಗಿಡ ಬಾಚಿಕೊಳ್ಳುವುದಲ್ಲ. ಒಡೆದ ಕಾಯಿಯನ್ನಷ್ಟೇ ಬಿಡಿಸಿ, ಒಡೆಯದ್ದನ್ನು ಗಿಡದಲ್ಲೇ ಬಿಟ್ಟು, ಕೆಲವು ದಿನ ಕಳೆದ ಮೇಲೆ ಮತ್ತೆ ಅದೇ ಸಾಲಿಗೆ ಬರಬೇಕು. ಕಣ್ಣಿಗಿಂತ ಬೆರಳಿಗೆ ಅದು ಗೊತ್ತಿರುತ್ತದೆ. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಉಡಿ ಮಾಡಿಕೊಂಡರೆ ಎರಡೂ ಕೈ ಖಾಲಿ. ಈ ಕೆಲಸದಲ್ಲಿ ನಮಗೆ ಅಂಜಿಕೆ ಇದ್ದದ್ದು ಒಂದಕ್ಕೇ, ಎಣ್ಣೆಗೆ. ಹುಳ ಸಾಯಲೆಂದು ಬೆಳೆಗೆ ಸಿಂಪಡಿಸುವ ವಿಷಕ್ಕೆ ನಮ್ಮ ಕಡೆ ಎಣ್ಣೆ ಎನ್ನುತ್ತಾರೆ. ಹೊಡೆದ ಮರುದಿನವೇ ಹೊಲಕ್ಕೆ ಇಳಿಸಿದವರಿದ್ದರು. ಅತ್ತೆಯ ಕಣ್ಣು ಮಂಜಾದದ್ದು ಅದರಿಂದಲೇ ಎಂದು ಮನೆಯವರೆಲ್ಲ ನಂಬಿದ್ದೆವು. ಮದುವೆಯಾದ ಮೊದಲ ವರ್ಷ ನಾನೂ ಹತ್ತಿ ಸಾಲಿನಲ್ಲಿ ತಲೆ ತಿರುಗಿ ಬಿದ್ದು, ಎಚ್ಚರವಾದಾಗ ಗಾಡಿಯಲ್ಲಿದ್ದೆ. ಬಾಯಲ್ಲಿ ಆ ವಾಸನೆ ಎಷ್ಟೋ ದಿನ ಹೋಗಲಿಲ್ಲ.

ಆಮೇಲೆ ಆಲಮಟ್ಟಿಯಲ್ಲಿ ನೀರು ನಿಂತಿತು. ಹೊಳೆದಂಡೆಯ ಯಾವ ಹೊಲಗಳಲ್ಲಿ ನಾವು ಹತ್ತಿ ಬಿಡಿಸುತ್ತಿದ್ದೆವೋ ಅವೆಲ್ಲ ಹಿನ್ನೀರಿನ ಕೆಳಗೆ ಹೋದವು. ನಾನು ಅಣೆಕಟ್ಟಿಗೆ ಬೈಯುವವಳಲ್ಲ. ಕಾಲುವೆ ಬಂದ ಕಡೆ ಹಸಿರು ಬಂತು, ಕಣ್ಣಾರೆ ನೋಡಿದ್ದೇನೆ. ಆದರೆ ನಮ್ಮ ಇಪ್ಪತ್ತು ಜನರ ಚಳಿಗಾಲದ ಕೆಲಸ ಹೋಯಿತು. ಸಿಂದಗಿ, ಮುದ್ದೇಬಿಹಾಳದ ಕಡೆಯ ಕೆಲವು ತಂಡಗಳು ಆಗಲೇ ಘಟ್ಟದ ಕಾಫಿ ತೋಟಗಳಿಗೆ ಹೋಗಿಬರುತ್ತಿದ್ದವು. ಕಾಫಿ ಎಂದರೆ ಏನೆಂದೇ ತಿಳಿಯದ ನಾವೂ ಒಂದು ವರ್ಷ ರೊಟ್ಟಿ, ಶೇಂಗಾ ಹಿಂಡಿ ಗಂಟು ಕಟ್ಟಿಕೊಂಡು ನಿಡಗುಂದಿಯಿಂದ ಲಾರಿ ಹತ್ತಿದೆವು.

ಅಲ್ಲಿ ಹೋಗಿ ನೋಡಿದರೆ ಬೆಳೆ ನೆರಳಿನಲ್ಲಿ ನಿಂತಿದೆ! ನಮ್ಮ ಎರೆಹೊಲದಲ್ಲಿ ಬದುವಿನ ಮೇಲಿನ ಒಂದು ಬೇವಿನ ನೆರಳು ಬಿದ್ದರೂ ಅಷ್ಟು ಜೋಳ ಕೆಟ್ಟಿತು ಎಂದು ಮರ ಕಡಿಯುವ ಜನ ನಾವು. ಇಲ್ಲಿ ಮೇಲೆ ಹಲಸು, ಅತ್ತಿ, ಹೆಸರು ತಿಳಿಯದ ಕಾಡುಮರಗಳು, ಕೆಳಗೆ ಕಾಫಿ. ಮರ ಕಡಿದರೆ ಕಾಫಿ ಬಾಡುತ್ತದಂತೆ. ಅತ್ತೆ ಒಂದು ಹಣ್ಣು ಹಿಚುಕಿ, ಬೀಜ ಮೂಸಿ, "ಇದಕ್ಕ ಇಷ್ಟ್ ಸಿಂಗಾರ ಯಾಕಂತ" ಅಂದಳು. ಹಣ್ಣು ಕೀಳುವುದನ್ನು ಕಲಿಸಲು ಬಂದ ರೈಟರ್, ಅಂದರೆ ತೋಟದ ಕೆಲಸ ನೋಡಿಕೊಳ್ಳುವ ಗುಮಾಸ್ತ, ಅರ್ಧ ತಾಸಿನಲ್ಲಿ ಕಲಿಸುವುದನ್ನು ನಿಲ್ಲಿಸಿದ. ಬೇರೆ ತಂಡದವರು ಹಸಿರು ಕಾಯಿ, ಕೆಂಪು ಹಣ್ಣು ಎನ್ನದೆ ಟೊಂಗೆ ಹಿಡಿದು ಸರ್ರನೆ ಎಳೆಯುತ್ತಿದ್ದರು. ನಮ್ಮ ಬೆರಳುಗಳು ಕೆಂಪನ್ನಷ್ಟೇ ಬಿಡಿಸಿ ಹಸಿರನ್ನು ಬಿಟ್ಟು ಮುಂದೆ ಹೋದವು. ನಾವು ಹತ್ತಿಯವರು. ತೋಟದ ಒಡೆಯರಾದ ಸಾವುಕಾರರು ಆ ದಿನ ನಮ್ಮ ಬುಟ್ಟಿಗಳ ಮುಂದೆ ನಿಂತು ಎರಡು ಸಲ ತಲೆಯಾಡಿಸಿದರು. ನಡುವಯಸ್ಸಿನ ಮನುಷ್ಯ, ಮೆಲ್ಲಗೆ ಮಾತಾಡುವವರು. ನಾವು ಮಾತಾಡಿದರೆ ಜಗಳ ಆಡುತ್ತಿದ್ದೇವೇನೋ ಎಂದು ಪ್ರತಿ ಸಲ ಬೆಚ್ಚಿಬೀಳುತ್ತಿದ್ದರು.

ಎರಡನೆಯ ವರ್ಷ ನಿಜವಾಗಿಯೂ ಜಗಳವೇ ಆಯಿತು.

ತೋಟವನ್ನು ಹಂಚಿದ ಬ್ಲಾಕುಗಳಲ್ಲಿ ಹಳ್ಳದ ಪಕ್ಕದ್ದರ ಕೊಯ್ಲು ಅಂದು ಮುಗಿದಿತ್ತು. ಕೊನೆಯ ಗಿಡ ಮುಗಿಸಿ, ನೀರು ಕುಡಿದು, ಇಪ್ಪತ್ತೂ ಜನ ಯಾರೂ ಹೇಳದೆಯೇ ಹಿಂದಕ್ಕೆ ತಿರುಗಿ ಗಿಡಗಳ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತೆವು. ಉದುರಿದ ಹಣ್ಣುಗಳನ್ನು ತರಗೆಲೆ ಸರಿಸಿ ಆರಿಸಿ ಉಡಿಗೆ ಹಾಕಿಕೊಳ್ಳತೊಡಗಿದೆವು. ಸಂಜೆ ಬುಟ್ಟಿಗಳನ್ನು ಒಪ್ಪಿಸಿ, ಉಡಿಯಲ್ಲಿದ್ದದ್ದನ್ನು ಗಂಟು ಕಟ್ಟಿ ಕೂಲಿಯವರ ಲೈನ್ ಮನೆಗಳ ಕಡೆ ಹೊರಟಾಗ ರೈಟರ್ ಅಡ್ಡ ಬಂದ.

"ಕಳ್ಳಿಯರು! ಹಾಡಹಗಲೇ ಕಾಫಿ ಕದ್ದುಕೊಂಡು ಹೋಗ್ತಿದೀರಲ್ಲ!" ಎಂದು ಕೂಗಿದ.

ಅತ್ತೆ ಅಲ್ಲೇ ನಿಂತಳು. ಆಕೆಗೆ ಸಿಟ್ಟು ಬರಲಿಲ್ಲ, ಅರ್ಥವೇ ಆಗಲಿಲ್ಲ. ನಮ್ಮ ಸೀಮೆಯಲ್ಲಿ ಜೋಳ ಕೊಯ್ದ ಮೇಲೆ, ಶೇಂಗಾ ಕಿತ್ತ ಮೇಲೆ ಹೊಲದಲ್ಲಿ ಉಳಿದುಬಿದ್ದದ್ದು ಕೊಯ್ದವರದು. ಅದಕ್ಕೆ ಹಕ್ಕಲು ಎನ್ನುತ್ತಾರೆ. ಅದನ್ನು ಯಾರೂ ಕೇಳುವುದಿಲ್ಲ, ಯಾರೂ ಕೊಡುವುದೂ ಇಲ್ಲ. ಎಂಥ ಜಿಪುಣನಾದರೂ ಹಕ್ಕಲಿಗೆ ಕೂತ ಹೆಂಗಸನ್ನು ಹೊಲದಿಂದ ಎಬ್ಬಿಸುವುದಿಲ್ಲ. ಘಟ್ಟದಲ್ಲಿ ಆ ಪದ್ಧತಿ ಇಲ್ಲ ಎಂಬುದು ನಮ್ಮ ಇಪ್ಪತ್ತು ತಲೆಗಳಲ್ಲಿ ಒಂದಕ್ಕೂ ಹೊಳೆದಿರಲಿಲ್ಲ. ಕಳ್ಳಿ ಎಂಬ ಮಾತನ್ನು ಜೀವಮಾನದಲ್ಲಿ ಕೇಳಿರದ ಅತ್ತೆಯ ಮುಖ ನೋಡಿ ನನ್ನ ತಲೆ ಕೆಟ್ಟಿತು.

"ಏ, ಬಾಯಿ ಬಿಗಿ ಹಿಡದ್ ಮಾತಾಡ! ಕಳ್ಳರು ಹಿಂಗ ಎಲ್ಲಾರ ಮುಂದ ಗಂಟು ಹೊತ್ಕೊಂಡು ಹೋಗ್ತಾರೇನು? ಇದು ಹಕ್ಕಲಾ. ನೆಲಕ್ಕ ಬಿದ್ದದ್ದು ಕೊಯ್ದಾರದು!"

ಗದ್ದಲ ಕೇಳಿ ಸಾವುಕಾರರು ಬಂದರು. ನನ್ನ ಮಾತು ಪೂರ್ತಿ ಕೇಳಿದರು. ರೈಟರ್‌ಗೆ ಸುಮ್ಮನಿರಲು ಹೇಳಿ, ಗಂಟಿನಿಂದ ಒಂದು ಒಣಗಿದ ಹಣ್ಣು ತೆಗೆದು ಉಗುರಿನಿಂದ ಸೀಳಿದರು. ಒಳಗೆ ಸಾಸಿವೆಗಿಂತ ಚಿಕ್ಕದಾದ ಕಪ್ಪು ಹುಳ ಹರಿದಾಡಿತು.

"ಇದು ಕಾಯಿಕೊರಕ ಕಣಮ್ಮ. ನಮ್ಮ ಕಡೆಗೆ ಹೊಸದಾಗಿ ಬಂದಿದೆ. ಬಿದ್ದ ಹಣ್ಣಿನಲ್ಲೇ ಬೇಸಿಗೆ ಕಳೆದು, ಮಳೆ ಬಂದಮೇಲೆ ಹೊಸ ಕಾಯಿಗೆ ಹೋಗುತ್ತೆ. ಪಕ್ಕದ ತೋಟದಲ್ಲಿ ಬೆಳೆ ಹಾಳು ಮಾಡಿದೆ. ಅದಕ್ಕೇ ಔಷಧದ ಡ್ರಮ್ಮು ತರಿಸಿಟ್ಟಿದ್ದೀನಿ. ಈ ಸಲ ಇಡೀ ತೋಟಕ್ಕೆ ಹೊಡೆಸಬೇಕು."

ಔಷಧ ಎಂದರೆ ಎಣ್ಣೆ. ಆ ವಾಸನೆ ಮತ್ತೆ ನನ್ನ ಬಾಯಿಗೆ ಬಂದಂತಾಯಿತು. ಬರುವ ವರ್ಷ ನಾವು ಕೈ ಹಾಕಬೇಕಾದದ್ದು ಇದೇ ಗಿಡಗಳಿಗೆ.

"ಸಾವ್ಕಾರ್ರ, ಹುಳ ಇರೂದು ಬಿದ್ದದ್ರಾಗ ಅಂತೀರಿ. ಬಿದ್ದದ್ದ ಇಲ್ಲದಂಗ ಮಾಡಿದ್ರ?"

ಅವರು ನಕ್ಕರು. "ಅದು ಎಲ್ಲರಿಗೂ ಗೊತ್ತಮ್ಮ. ಆದರೆ ತರಗೆಲೆ ಒಳಗೆ ಒಂದೊಂದೇ ಹಣ್ಣು ಆರಿಸೋಕೆ ಯಾರು ಬರ್ತಾರೆ? ಕೂಲಿ ಕೊಟ್ಟರೂ ಅರ್ಧಂಬರ್ಧ ಮಾಡಿ ಎದ್ದು ಹೋಗ್ತಾರೆ."

"ನಾವು ಬರ್ತೇವಿ. ಹಕ್ಕಲಾ ನಮಗ ಬಿಡ್ರಿ, ನೆಲದ ಮ್ಯಾಲಿಂದು, ಗಿಡದಾಗ ಉಳದದ್ದು, ಒಂದ ಕಾಯಿ ಬಿಡೂದಿಲ್ಲ. ಆದ್ರ ಈ ಬ್ಲಾಕಿಗೆ ಎಣ್ಣಿ ಹೊಡೀಬ್ಯಾಡ್ರಿ."

ಮುಂದಾಳು ಬಾಯಿ ತೆರೆಯುವ ಮೊದಲೇ ಸೊಸೆ ಮಾತು ಕೊಟ್ಟಾಗಿತ್ತು. ಸಾವುಕಾರರು ಬ್ಲಾಕಿನ ಉದ್ದಕ್ಕೂ ಒಮ್ಮೆ ನೋಡಿದರು. ಈ ಒಂದು ಬ್ಲಾಕಿನಲ್ಲಿ ಹುಳ ಉಳಿದರೆ ಅದು ಇಡೀ ತೋಟಕ್ಕೆ ತವರಾಗುತ್ತದೆ ಎಂದರು. ಕೊನೆಗೆ ಒಪ್ಪಿದರು, ಆದರೆ ಅತ್ತೆಯ ಕಡೆ ತಿರುಗಿ ನೇರವಾಗಿ ಹೇಳಿದರು: ಮುಂದಿನ ಕೊಯ್ಲಿನ ಹೊತ್ತಿಗೆ ಇಲ್ಲಿ ಹುಳ ಕಂಡರೆ ನಿಮ್ಮ ತಂಡವನ್ನು ಕರೆಯುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳುತ್ತೇನೆ. ಅತ್ತೆ "ಹೂಂನ್ರಿ" ಅಂದಳು. ನನ್ನ ಕಡೆ ಮಾತ್ರ ನೋಡಲಿಲ್ಲ.

ಲೈನ್ ಮನೆಗೆ ಬಂದಮೇಲೆ ಆಕೆ ಹೇಳಿದ್ದು ಇಷ್ಟೇ. "ಎಲುಬಿಲ್ಲದ ನಾಲಿಗಿ ನಿಂದು. ಇಪ್ಪತ್ತು ಮನಿ ಒಲಿ ಅದರ ಮ್ಯಾಲ ಇಟ್ಟಿ."

ಮರುದಿನದಿಂದ ಹಕ್ಕಲು. ಅದನ್ನು ನಾವು ಶೇಂಗಾ ಹೊಲದ ಹಾಗೆಯೇ ಮಾಡಿದೆವು. ಇಪ್ಪತ್ತು ಜನ ಒಂದೇ ಸಾಲಾಗಿ ಕೂತು, ಪಕ್ಕದವಳ ಮೊಳಕಾಲಿಗೆ ಮೊಳಕಾಲು ತಾಗುವಂತೆ, ಕೈಯಲ್ಲಿ ಕಳೆ ತೆಗೆಯುವ ಕುರ್ಪಿ ಹಿಡಿದು ಎಲೆ ಸರಿಸುತ್ತ ಮುಂದೆ ಜರುಗುವುದು. ಸಾಲು ಹೀಗೆ ನಡೆದರೆ ನಡುವೆ ಯಾವ ಕಾಯಿಗೂ ತಪ್ಪಿಸಿಕೊಳ್ಳಲು ಜಾಗವಿಲ್ಲ. ಕೆಂಪಿರುವೆ ಕಚ್ಚಿದವು, ಸೊಂಟ ಹಿಡಿಯಿತು, ಇಬ್ಬರು ನನಗೆ ಎದುರೇ ಶಾಪ ಹಾಕಿದರು. ಗಿಡದ ನೆತ್ತಿಯಲ್ಲಿ ಒಣಗಿ ನಿಂತ ಕಾಯಿಗಳನ್ನೂ ಬಿಡಲಿಲ್ಲ. ಅತ್ತೆ ಹಿಂದಿನಿಂದ ಬಂದು, ನಾವು ದಾಟಿದ ನೆಲವನ್ನು ಅಂಗೈಯಿಂದ ಸವರುತ್ತಿದ್ದಳು. ಕಣ್ಣು ಮಂಜಾಗಿದ್ದರೂ ಆಕೆಯ ಕೈಗೆ ಒಂದು ಕಾಯಿ ಸಿಕ್ಕರೆ ಆ ಸಾಲಿನವಳು ಮತ್ತೆ ಮೊದಲಿನಿಂದ ಮಾಡಬೇಕು. ಹೆಚ್ಚು ಸಲ ಹಿಂದಕ್ಕೆ ಹೋದವಳು ನಾನೇ. ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಈಗ ಅನ್ನಿಸುತ್ತದೆ, ಮಾತು ಉಳಿಸಿಕೊಳ್ಳುವುದೆಂದರೆ ಏನೆಂದು ಕಲಿಸುತ್ತಿದ್ದಳು.

ಆರಿಸಿದ್ದನ್ನು ಸಾವುಕಾರರು ಹೇಳಿದಂತೆ ಹಂಡೆಯ ಕುದಿಯುವ ನೀರಿನಲ್ಲಿ ಅದ್ದಿ ತೆಗೆದೆವು. ಹುಳಗಳು ಕಪ್ಪಗೆ ತೇಲಿದವು. ಹಣ್ಣನ್ನು ಬಿಸಿಲಿಗೆ ಒಣಗಿಸಿ, ಅತ್ತೆ ಸೇರಿನಿಂದ ಅಳೆದು ಎಲ್ಲರಿಗೂ ಸಮನಾಗಿ ಹಂಚಿದಳು. ಕಾಫಿ ಕಿತ್ತ ಎರಡು ವರ್ಷಕ್ಕೆ ಮೊದಲ ಸಲ ನಾವು ಕಾಫಿಯ ಒಡತಿಯರಾಗಿ ಊರಿಗೆ ಬಂದೆವು.

ಊರಲ್ಲಿ ಚಹಾ ಬಿಟ್ಟು ಬೇರೆ ಗೊತ್ತಿಲ್ಲ. ಒಳ್ಳಿನಲ್ಲಿ ಕುಟ್ಟಿ ಸಿಪ್ಪೆ ಬಿಡಿಸಿ, ಮೊರದಲ್ಲಿ ಕೇರಿ, ಹುಳ ತಿಂದ ಹಗುರ ಬೀಜ ಹಾರಿಸಿ, ಉಳಿದದ್ದನ್ನು ನಾನು ಶೇಂಗಾ ಹುರಿಯುವಂತೆ ಹದವಾಗಿ ಹುರಿದೆ. ಅಷ್ಟರವರೆಗೆ ಎಲ್ಲ ಸರಿ. ಆಮೇಲೆ ಪುಡಿಯನ್ನು ಹಾಲು, ಬೆಲ್ಲ, ಶುಂಠಿಯೊಂದಿಗೆ ಚಹಾದಂತೆ ಕೊತಕೊತ ಕುದಿಸಿದೆ. ಹಾಲು ಒಡೆಯಿತು. ಕುಡಿದ ಗಂಡ, "ಇದನ್ನ ತರಾಕ ಅಷ್ಟ್ ದೂರ ಹೋಗಿದ್ರ್ಯಾ?" ಎಂದು ಲೋಟ ಕೆಳಗಿಟ್ಟ. ಆಲಮಟ್ಟಿಯ ನೀರಾವರಿ ಕಾಲೊನಿಯಲ್ಲಿ ದಕ್ಷಿಣದ ಕಡೆಯ ಒಬ್ಬ ಇಂಜಿನಿಯರರ ಹೆಂಡತಿ ಇದ್ದರು, ಅತ್ತೆ ಅವರಿಗೆ ಮೊಸರು ಕೊಡುತ್ತಿದ್ದಳು. ನಾನು ಒಯ್ದ ಪುಡಿಯನ್ನು ಅವರು ಮೂಸಿ ನೋಡಿದವರೇ ನನ್ನನ್ನು ಅಡುಗೆಮನೆಗೆ ಕರೆದೊಯ್ದು, ಬಟ್ಟೆಯಲ್ಲಿ ಸೋಸಿ, ಹಾಲು ಬೇರೆ ಕಾಸಿ ಬೆರೆಸುವುದನ್ನು ತೋರಿಸಿದರು. ನಾನು ಕಿತ್ತ ಹಣ್ಣಿನ ರುಚಿ ನನಗೆ ಆ ದಿನ ಗೊತ್ತಾಯಿತು. ಅಷ್ಟು ವರ್ಷ ಚಹಾ ಕುಡಿದದ್ದಕ್ಕೆ ನಾಚಿಕೆಯೇನೂ ಆಗಲಿಲ್ಲ, ಆದರೆ ಎರಡನೆಯ ಲೋಟ ಕೇಳಿ ಕುಡಿದೆ. ಮನೆಗೆಂದು ಒಂದು ಡಬ್ಬಿ ಇಟ್ಟುಕೊಂಡೆ, ಮಿಕ್ಕ ಪುಡಿಯೆಲ್ಲ ಕಾಲೊನಿಯ ಮನೆಗಳಿಗೆ ಮಾರಾಟವಾಯಿತು. ಸಿಪ್ಪೆ, ಚರಟವೆಲ್ಲ ಹಿತ್ತಲ ಬದನೆಗೆ ಗೊಬ್ಬರ.

ಮಳೆಗಾಲ ಬಂದಾಗ ನನ್ನ ನಿದ್ದೆ ಹೋಯಿತು. ಊರಿನಲ್ಲಿ ಮಳೆ ಬಿದ್ದರೆ ಜನ ಖುಷಿಪಡುತ್ತಿದ್ದರು, ನಾನು ಘಟ್ಟದ ಹಳ್ಳದ ಬ್ಲಾಕನ್ನು ನೆನೆಸಿಕೊಳ್ಳುತ್ತಿದ್ದೆ. ಒಂದು ಗಿಡದ ಬುಡದಲ್ಲಿ ಒಂದು ಕಾಯಿ ಉಳಿದಿದ್ದರೆ? ಯಾವಳೋ ಒಬ್ಬಳು ಬೇಸತ್ತು ಎಲೆ ಸರಿಸದೆ ದಾಟಿದ್ದರೆ? ಕೇಳಲು ಯಾರೂ ಇಲ್ಲ. ಅತ್ತೆ ಬೈದಿದ್ದರೆ ಹಗುರವಾಗುತ್ತಿತ್ತು, ಆಕೆ ಬೈಯಲೂ ಇಲ್ಲ.

ದೀಪಾವಳಿ ಮುಗಿಯಿತು. ಬೇರೆ ತೋಟಗಳ ಲಾರಿಗಳು ನಿಡಗುಂದಿಗೆ ಬಂದು ಬೇರೆ ತಂಡಗಳನ್ನು ಹತ್ತಿಸಿಕೊಂಡು ಹೋದವು. ನಮ್ಮ ಸಾವುಕಾರರ ಸುದ್ದಿಯಿಲ್ಲ. ಕೆಳಗಿನ ಓಣಿಯಲ್ಲಿ ಇನ್ನೊಂದು ತಂಡದ ಮುಂದಾಳು ಇದ್ದಳು, ಅತ್ತೆಯ ಮೇಲೆ ಮೊದಲಿನಿಂದ ಹೊಟ್ಟೆಕಿಚ್ಚು. ನಳದ ಹತ್ತಿರ ಎಲ್ಲರಿಗೂ ಕೇಳುವಂತೆ, "ಸೊಸಿ ಮಾತು ಕೇಳಿ ಸುಗ್ಗಿ ಕಳಕೊಂಡ್ರು ನೋಡ್ರಿ" ಅಂದಳು. ನಾನು ಕೊಡ ಇಟ್ಟು ಜಗಳಕ್ಕೆ ನಿಂತೆ. ಅತ್ತೆ ನನ್ನ ತೋಳು ಹಿಡಿದು ಎಳೆದುಕೊಂಡು ಬಂದಳು. ಆ ಹಿಡಿತಕ್ಕೆ ತೋಳು ಕೆಂಪಾಗಿತ್ತು. ಅಂದು ನಾನು ಮೊದಲ ಸಲ ಆಕೆಯ ಮುಂದೆ ಅತ್ತುಬಿಟ್ಟೆ. ತಪ್ಪಾಯಿತು ಅಂದೆ.

"ಅಳಬ್ಯಾಡ. ಕೆಲಸ ನಾ ಕೈಯಾರೆ ಸವರಿ ನೋಡೇನಿ" ಅಂದಳು. ಅಷ್ಟು ದಿನದಲ್ಲಿ ಆಕೆ ಆ ವಿಷಯ ಎತ್ತಿದ್ದು ಅದೊಂದೇ ಸಲ.

ಮುಂದಿನ ವಾರ ಬೆಳಿಗ್ಗೆ ಓಣಿಗೆ ಜೀಪು ಬಂತು. ಲಾರಿಯಲ್ಲ, ಜೀಪು. ಸಾವುಕಾರರೇ ಇಳಿದರು. ಅವರ ಕೈಯಲ್ಲಿ ಎರಡು ಬಟ್ಟೆಯ ಗಂಟುಗಳು. ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ಬಿಳಿ ದಾರ. ತಂಡದ ಹೆಂಗಸರೆಲ್ಲ ಬಂದು ನಿಂತರು. ನಳದವಳೂ ಬಂದಳು.

"ಇವು ಎರಡು ಬ್ಲಾಕಿನ ಕಾಯಿ. ಎರಡೂ ಕಡೆ ಹತ್ತು ಹತ್ತು ಗಿಡದಿಂದ ನಾನೇ ಕಿತ್ತು ತಂದೆ. ಯಾವುದು ಯಾವ ಕಡೆಯದು ಅಂತ ಹೇಳಲ್ಲ, ನೀವೇ ನೋಡಿ" ಎಂದರು.

ಅತ್ತೆ ಮೊರ ತರಿಸಿದಳು. ಕಾಯಿ ನೋಡುವ ಕೆಲಸ ನನಗೆ ಬಿಡದೆ ತಾನೇ ಕೂತಳು. ಕಾಯಿಕೊರಕ ಕಾಯಿಯ ತುದಿಯಲ್ಲಿ, ಹೊಕ್ಕಳಿನಂಥ ಜಾಗದಲ್ಲಿ, ಸೂಜಿಮೊನೆಯಷ್ಟು ತೂತು ಕೊರೆಯುತ್ತದೆ. ಮಂಜುಗಣ್ಣಿಗೆ ಅದು ಕಾಣುವುದಲ್ಲ. ಆಕೆ ಒಂದೊಂದೇ ಕಾಯಿ ಎತ್ತಿ ಹೆಬ್ಬೆರಳ ಉಗುರನ್ನು ತುದಿಯ ಮೇಲೆ ಆಡಿಸಿದಳು. ಜೀವನವಿಡೀ ಹತ್ತಿಕಾಯಿಯ ಹುಳತೂತು ಹುಡುಕಿದ ಉಗುರು ಅದು. ಕೆಂಪು ದಾರದ ಗಂಟು ಮೊದಲು. ತೂತು. ಒಳ್ಳೆಯದು, ಒಳ್ಳೆಯದು, ತೂತು, ತೂತು. ಪಕ್ಕಕ್ಕೆ ಬೀಳುವ ಕಾಯಿಗಳ ಗುಂಪು ಬೆಳೆಯಿತು. ಇದೇ ನಮ್ಮದಾಗಿದ್ದರೆ?

ಬಿಳಿ ದಾರದ ಗಂಟು ಬಿಚ್ಚಿದಳು. ಒಳ್ಳೆಯದು. ಒಳ್ಳೆಯದು. ಮೊರದ ಒಂದು ಬದಿ ತುಂಬುತ್ತ ಬಂತು. ಕೊನೆಕೊನೆಗೆ ಆಕೆಯ ಉಗುರು ಒಂದು ಕಾಯಿಯ ಮೇಲೆ ನಿಂತಿತು. ಮತ್ತೆ ಸವರಿದಳು. ಪಕ್ಕಕ್ಕೆ ಇಟ್ಟಳು.

"ಇದ್ರಾಗ ಒಂದು ಐತ್ರಿ" ಅಂದಳು. ಮುಚ್ಚಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಒಂದೇ?" ಅಂದರು ಸಾವುಕಾರರು.

"ಒಂದ."

ಅವರು ಅಲ್ಲೇ ಕಟ್ಟೆಯ ಮೇಲೆ ಕೂತರು. "ಆ ಒಂದಿರೋದು ನಿಮ್ಮ ಹಳ್ಳದ ಬ್ಲಾಕು. ಇದು, ಈ ರಾಶಿ, ಎರಡು ಸಲ ಔಷಧ ಹೊಡೆದ ಮೇಲಿನ ಬ್ಲಾಕು. ಹೊಡೆದದ್ದನ್ನೆಲ್ಲ ಮಳೆ ತೊಳೆದುಕೊಂಡು ಹೋಯ್ತು. ಪಕ್ಕದ ತೋಟದವರೆಲ್ಲ ಬಂದು ನಿಮ್ಮ ಬ್ಲಾಕು ನೋಡಿಕೊಂಡು ಹೋದರಮ್ಮ. ಅದೇ ತಿರುಗಾಟದಲ್ಲಿ ಬರೋದು ತಡವಾಯ್ತು."

ಆಮೇಲೆ ಎಂಥ ಕೂಗು ಎದ್ದಿತು ಎಂದರೆ ಸಾವುಕಾರರು ನಿಜವಾಗಿಯೂ ಜಗಳ ಶುರುವಾಯಿತೆಂದು ಎದ್ದು ನಿಂತರು. ನನಗೆ ಶಾಪ ಹಾಕಿದ್ದ ಇಬ್ಬರು ನನ್ನನ್ನು ಎತ್ತಿಯೇ ಬಿಟ್ಟರು. ನಾನು ಅಷ್ಟು ಸಂತೋಷಪಟ್ಟದ್ದು ಅದಕ್ಕೆ ಮೊದಲು ಇಲ್ಲ, ನನ್ನ ಮದುವೆಯಲ್ಲೂ ಇಲ್ಲ. ಗಂಡ ಇದನ್ನು ಓದಿದರೂ ಅಡ್ಡಿಯಿಲ್ಲ.

ನಾನು ಕಾಫಿ ಸೋಸಿ ತಂದೆ. ಸಾವುಕಾರರು ಒಂದು ಗುಟುಕು ಕುಡಿದು, ಲೋಟದೊಳಗೆ ನೋಡಿ, ಎಲ್ಲಿಯದು ಎಂದರು. ನಿಮ್ಮದೇ ನೆಲದಿಂದ ಆರಿಸಿದ್ದು ಎಂದೆ. ಅವರು ಪೂರ್ತಿ ಕುಡಿದು ಮುಗಿಸಿ, ಈ ಸಲ ಇಡೀ ತೋಟಕ್ಕೆ ಹಕ್ಕಲು ಆಗಬೇಕು, ಅದಕ್ಕೆ ನಾಲ್ಕು ತಂಡ ಬೇಕು ಎಂದು ಅತ್ತೆಯನ್ನು ಕೇಳಿದರು. ಹಕ್ಕಲು ಎಂಬ ಮಾತನ್ನು ಅವರು ನಮ್ಮಂತೆಯೇ ಅಂದರು.

ಅತ್ತೆ ಮೊರವನ್ನು ಕೆಳಗಿಟ್ಟು, ನನ್ನ ಕಡೆ ಕೈ ತೋರಿಸಿದಳು.

"ಅಕೀನ ಕೇಳ್ರಿ. ಮಾತು ಕೊಟ್ಟಾಕಿ ಅಕಿ, ಉಳಿಸಿದಾಕಿನೂ ಅಕಿ. ಇನ್ನ ಮ್ಯಾಲೆ ತಂಡದ ಮಾತು ಅಕೀದು."

ಇಪ್ಪತ್ತು ಜನ ನನ್ನ ಕಡೆ ತಿರುಗಿದರು. ನಾನು ಹೇಳಿದೆ: "ಬರ್ತೇವ್ರಿ. ಆದ್ರ ಗೋಡೌನದಾಗಿನ ಆ ಎಣ್ಣಿ ಡ್ರಮ್ಮು ಮೊದಲ ಹೊರಗ ಹೋಗಬೇಕು. ಮತ್ತ ಹಕ್ಕಲಾ ಎಲ್ಲಾ ತಂಡಕ್ಕೂ ಸೇರಿದ್ದು, ನೀವು ಕೊಟ್ಟದ್ದಲ್ಲ."

ಸಾವುಕಾರರು ಒಪ್ಪಿದರು. ಎರಡು ತಂಡ ಪಕ್ಕದ ಊರುಗಳಲ್ಲಿ ಸಿಗುತ್ತಿದ್ದವು, ನಾಲ್ಕನೆಯದನ್ನು ಎಲ್ಲಿಂದ ತರುವುದೆಂದು ಯೋಚಿಸಬೇಕಾಗಲಿಲ್ಲ. ನಳದವಳು ಗುಂಪಿನ ಹಿಂದಿನಿಂದ ಮುಂದೆ ಬಂದು, "ನಮ್ಮನ್ನೂ ಬರಕೋ ಅಕ್ಕಾ" ಅಂದಳು. ನನಗಿಂತ ಹದಿನೈದು ವರ್ಷ ದೊಡ್ಡವಳು. ಅವಳನ್ನೂ ಬರೆದುಕೊಂಡೆ. ಹತ್ತು ದಿನದ ಮೇಲೆ ನಿಡಗುಂದಿಯಿಂದ ನಾಲ್ಕು ಲಾರಿ ಹೊರಟವು, ಮೊದಲನೆಯದರಲ್ಲಿ ಡ್ರೈವರನ ಪಕ್ಕದ ಸೀಟಿನಲ್ಲಿ ಕೂತಿದ್ದವಳು ನಾನು.